ಆಕಾಶದಿಂದ ಬಂದ ಕನ್ನಡದ ಪತ್ರ

ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನಲ್ಲಿ ಜಲಸಂಗಿ ಎಂಬ ಊರಿದೆ. ಶಿಲ್ಪ ಬಲ್ಲವರಿಗೆ ಇದು ಹಳೆಯ ಹೆಸರು. ಆರನೇ ವಿಕ್ರಮಾದಿತ್ಯನ ಕಾಲದ ಅಲ್ಲಿನ ಗುಡಿಯ ಗೋಡೆಯಲ್ಲಿ ಒಬ್ಬ ಹೆಣ್ಣುಮಗಳು ಕಲ್ಲಿನ ಮೇಲೆ ಅಕ್ಷರ ಬರೆಯುತ್ತ ನಿಂತಿದ್ದಾಳೆ. ಶಾಸನ ಸುಂದರಿ ಎಂದು ಆಕೆಯನ್ನು ಕರೆಯುತ್ತಾರೆ. 2025ರ ಜನವರಿ 18ರ ಶನಿವಾರ ಬೆಳಿಗ್ಗೆ ಆ ಊರಿನ ಮನೆಯೊಂದರ ಮಾಳಿಗೆಯ ಮೇಲೆ ಆಕಾಶದಿಂದ ಏನೋ ಬಂದು ಬಿತ್ತು. ದೊಡ್ಡ ಬಲೂನು, ಅದಕ್ಕೆ ಕಟ್ಟಿದ್ದ ಯಂತ್ರ, ಯಂತ್ರದಲ್ಲಿ ಮಿನುಗುತ್ತಿದ್ದ ಕೆಂಪು ದೀಪ. ಊರೆಲ್ಲ ಗಾಬರಿಯಾಯಿತು. ಪೊಲೀಸರಿಗೆ ಸುದ್ದಿ ಹೋಯಿತು.

ಆ ಯಂತ್ರದ ಜೊತೆ ಒಂದು ಪತ್ರವಿತ್ತು. ಅದು ಕನ್ನಡದಲ್ಲಿತ್ತು. ಇದು ಟಿಐಎಫ್‌ಆರ್ ಎಂದು ಹೆಸರಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹೈದರಾಬಾದಿನಿಂದ ಹಾರಿಸಿದ ಸಂಶೋಧನಾ ಬಲೂನು ಎಂಬುದು ಅದರಿಂದ ಗೊತ್ತಾಯಿತು. ಅದನ್ನು ಓದಿದ ಮೇಲೆ ಊರಿನ ಭಯ ಇಳಿಯಿತು, ಸಂಸ್ಥೆಯವರು ಬಂದು ತಮ್ಮ ಸಾಮಾನನ್ನು ಎತ್ತಿಕೊಂಡು ಹೋದರು. ಸುದ್ದಿವಾಹಿನಿಗಳಿಗೆ ಅದು ಒಂದು ದಿನದ ಸರಕು. ನನಗೆ ಮಾತ್ರ ಆ ಪತ್ರ ಮನಸ್ಸಿನಿಂದ ಹೋಗಿಲ್ಲ. ಗುರುತು ಸಿಗದ ಹಾರುವ ವಸ್ತುಗಳ (ಯುಎಫ್‌ಒ) ಬಗ್ಗೆ ಮುಕ್ಕಾಲು ಶತಮಾನದಿಂದ ನಡೆಯುತ್ತಿರುವ ಚರ್ಚೆಯಲ್ಲಿ ಬೇಕಾಗಿದ್ದದ್ದು, ಬಹಳ ಕಡೆ ಸಿಗದೇ ಹೋದದ್ದು, ಅಂಥದೊಂದು ಚೀಟಿ.

ಬಲೂನಿನ ವಿಷಯವನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮುಂದಿನ ಅನೇಕ ಗೊಂದಲಗಳಿಗೆ ಬೇರು ಇಲ್ಲಿದೆ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದು ಪುಡಿಯಾಗುತ್ತವೆ. ಅವುಗಳ ಮೂಲರೂಪ ನೋಡಬೇಕೆಂದರೆ ಗಾಳಿಯ ಬಹುಪಾಲನ್ನು ಕೆಳಗೆ ಬಿಟ್ಟು ಮೇಲೆ ಹೋಗಬೇಕು. ಹೋಮಿ ಭಾಭಾ 1940ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಹಿಡಿದದ್ದು ಇದೇ ಕೆಲಸವನ್ನು. ಟಿಐಎಫ್‌ಆರ್ ಕೂಡ 1945ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲೇ. ಅದೇ ವರ್ಷ ಮುಂಬೈಗೆ ಹೋಯಿತು. ಇಂದು ಹೈದರಾಬಾದಿನಲ್ಲಿರುವ ಅದರ ಬಲೂನು ಕೇಂದ್ರ ತೆಳು ಪಾಲಿಥೀನ್ ಹಾಳೆಯ ಬೃಹತ್ ಬಲೂನುಗಳಿಗೆ ಹೈಡ್ರೋಜನ್ ತುಂಬಿ ರಾತ್ರಿಯಲ್ಲೋ ನಸುಕಿನಲ್ಲೋ ಹಾರಿಸುತ್ತದೆ. ಅವು 30ರಿಂದ 40 ಕಿಲೋಮೀಟರ್ ಎತ್ತರಕ್ಕೆ ಏರುತ್ತವೆ. ನಮ್ಮ ಪ್ರಯಾಣಿಕ ವಿಮಾನಗಳು ಹಾರುವುದು 10-12 ಕಿಲೋಮೀಟರ್ ಎತ್ತರದಲ್ಲಿ.

ನೆಲದ ಮೇಲೆ ಈ ಬಲೂನು ನೋಡಿದರೆ ಜೋಲುಬಿದ್ದ ಉದ್ದನೆಯ ಹಾಳೆ, ತುದಿಯಲ್ಲಿ ಮಾತ್ರ ಒಂದು ಗುಳ್ಳೆ. 35 ಕಿಲೋಮೀಟರ್ ಮೇಲೆ ಗಾಳಿಯ ಒತ್ತಡ ನೆಲದಲ್ಲಿರುವುದರ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಆ ಗುಳ್ಳೆಯ ಅನಿಲ ಅಲ್ಲಿ ಹಿಗ್ಗಿ ಹಿಗ್ಗಿ ಇಡೀ ಬಲೂನನ್ನು ತುಂಬಿ, ಹತ್ತಾರು ಮೀಟರ್ ಅಗಲದ ಗೋಳವಾಗುತ್ತದೆ. ಅಷ್ಟು ಎತ್ತರದಲ್ಲಿರುವುದಕ್ಕೆ ಬೆಳಗಾಗುವುದು ನಮಗಿಂತ ಮೊದಲು. ಕೆಳಗೆ ಹೊಲದಲ್ಲಿ ಇನ್ನೂ ಕತ್ತಲಿರುವಾಗಲೇ, ಸೂರ್ಯೋದಯಕ್ಕೆ ಇಪ್ಪತ್ತು ನಿಮಿಷಕ್ಕೂ ಮುಂಚೆ, ಅದರ ಮೇಲೆ ಬಿಸಿಲು ಬೀಳುತ್ತದೆ. ಮೊದಲು ಕೆಂಪಗೆ, ಆಮೇಲೆ ಹಳದಿಗೆ, ಕೊನೆಗೆ ಬೆಳ್ಳಗೆ ಹೊಳೆಯುತ್ತದೆ. ಸದ್ದಿಲ್ಲ. ರೆಕ್ಕೆಯಿಲ್ಲ. ಚಲಿಸುವುದೂ ಕಣ್ಣಿಗೆ ಗೊತ್ತಾಗುವುದಿಲ್ಲ. ಚಹಾ ಕುಡಿದು ಹೊರಗೆ ಬಂದ ರೈತನೊಬ್ಬ ಅದನ್ನು ನೋಡಿ ಇದು ವಿಮಾನವಲ್ಲ, ನಕ್ಷತ್ರವಲ್ಲ, ಬಣ್ಣ ಬದಲಿಸುತ್ತಿದೆ ಎಂದು ಹೇಳಿದರೆ ಆತ ಹೇಳಿದ ಒಂದೊಂದು ಮಾತೂ ನಿಜ. ಕಂಡದ್ದರಲ್ಲಿ ತಪ್ಪಿಲ್ಲ. ಕಂಡದ್ದು ಏನು ಎಂದು ಹೇಳಬಲ್ಲವರು ಬಾಯಿ ಬಿಡಬೇಕು, ಅಷ್ಟೆ.

ಬೇರೆ ಕಡೆಯ ಬಲೂನು

ಬಾಯಿ ಬಿಡದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ರೋಸ್‌ವೆಲ್ ಸಾಕ್ಷಿ.

ಹಾರುವ ತಟ್ಟೆ ಎಂಬ ಮಾತು ಚಾಲ್ತಿಗೆ ಬಂದದ್ದು 1947ರ ಜೂನ್ 24ರ ಒಂದು ಘಟನೆಯಿಂದ. ಕೆನೆತ್ ಆರ್ನಾಲ್ಡ್ ಎಂಬ ಪೈಲಟ್ ತನ್ನ ಸಣ್ಣ ವಿಮಾನದಲ್ಲಿ ಹೋಗುತ್ತಿದ್ದಾಗ ಮೌಂಟ್ ರೇನಿಯರ್ ಬಳಿ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡ. ನೀರಿನ ಮೇಲೆ ತಟ್ಟೆ ಎಸೆದರೆ ಅದು ಪುಟಿದು ಪುಟಿದು ಹೋಗುತ್ತದಲ್ಲ, ಹಾಗೆ ಅವು ಹೋಗುತ್ತಿದ್ದವು ಎಂದ. ಆತ ಹೇಳಿದ್ದು ಅವುಗಳ ನಡೆಯನ್ನು. ಪತ್ರಿಕೆಗಳು ಅದನ್ನು ಆಕಾರವೆಂದು ಹಿಡಿದು ಶೀರ್ಷಿಕೆ ಕೊಟ್ಟವು. ಅಲ್ಲಿಂದ ಮುಂದೆ ಜಗತ್ತಿನಾದ್ಯಂತ ಜನರಿಗೆ ಆಕಾಶದಲ್ಲಿ ಕಾಣತೊಡಗಿದ್ದು ತಟ್ಟೆಗಳೇ. ಆರ್ನಾಲ್ಡ್ ಏನನ್ನು ಕಂಡನೋ ಅದು ಬೇರೆ ಮಾತು. ಒಂದು ಪದ ಕಣ್ಣಿಗೆ ಹೇಗೆ ಆಕಾರ ಕಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ತೇಜಸ್ವಿಯವರ ಫ್ಲೈಯಿಂಗ್ ಸಾಸರ್ ಪುಸ್ತಕಗಳನ್ನು ಓದಿ ಬೆಳೆದ ನಮ್ಮ ತಲೆಮಾರಿನವರೂ ರಾತ್ರಿ ಅಂಗಳದಲ್ಲಿ ಮಲಗಿ ಹುಡುಕಿದ್ದು ತಟ್ಟೆಯನ್ನೇ.

ಈ ಗದ್ದಲವೆದ್ದು ಎರಡು ವಾರವೂ ಆಗಿರಲಿಲ್ಲ. ರೋಸ್‌ವೆಲ್ ಸಮೀಪದ ಹುಲ್ಲುಗಾವಲಿನಲ್ಲಿ ಕುರಿ ಸಾಕುವವನೊಬ್ಬನಿಗೆ ರಬ್ಬರ್ ಚೂರು, ಬೆಳ್ಳಿ ಬಣ್ಣದ ಹಾಳೆ, ಗಟ್ಟಿ ಕಾಗದ, ಕಡ್ಡಿಗಳು ಸಿಕ್ಕಿದ ಸುದ್ದಿ ಬಂತು. ಜುಲೈ 8ರಂದು ಅಲ್ಲಿನ ವಾಯುನೆಲೆ ತನಗೆ ಹಾರುವ ತಟ್ಟೆಯೊಂದು ಸಿಕ್ಕಿದೆ ಎಂದು ಪ್ರಕಟಣೆ ಕೊಟ್ಟಿತು. ಕೆಲವೇ ಗಂಟೆಗಳಲ್ಲಿ ಮೇಲಿನವರು ಅದು ಹವಾಮಾನ ಬಲೂನು ಎಂದರು. ಮೊದಲನೆಯದು ಆತುರದ ಮಾತು, ಎರಡನೆಯದು ಅರ್ಧ ಸತ್ಯ. ಉಳಿದ ಅರ್ಧ ಹೊರಬಂದದ್ದು 47 ವರ್ಷಗಳ ನಂತರ, 1994ರಲ್ಲಿ, ಅಮೆರಿಕದ ವಾಯುಪಡೆ ತನ್ನ ಕಡತಗಳನ್ನು ತೆರೆದಾಗ.

ಆ ಗುಟ್ಟಿನ ಹೆಸರು ಪ್ರಾಜೆಕ್ಟ್ ಮೊಗಲ್. ಸೋವಿಯತ್ ಒಕ್ಕೂಟ ಎಲ್ಲೋ ದೂರದಲ್ಲಿ ಅಣುಬಾಂಬ್ ಸಿಡಿಸಿದರೆ ಅದರ ಸದ್ದನ್ನು ಅಮೆರಿಕದಲ್ಲಿ ಕುಳಿತು ಕೇಳಬೇಕು ಎಂಬುದು ಯೋಜನೆ. ಸಮುದ್ರದ ಆಳದಲ್ಲಿ ಸದ್ದು ಒಂದು ಪದರಕ್ಕೆ ಸಿಕ್ಕಿ ಸಾವಿರಾರು ಕಿಲೋಮೀಟರ್ ಸಾಗುತ್ತದೆ. ಮೇಲಿನ ವಾತಾವರಣದಲ್ಲೂ ಅಂಥ ಪದರವಿರಬೇಕು ಎಂದು ವಿಜ್ಞಾನಿಗಳು ಊಹಿಸಿದ್ದರು. ಅದಕ್ಕಾಗಿ ಹತ್ತಾರು ರಬ್ಬರ್ ಬಲೂನುಗಳನ್ನು ಒಂದೇ ಹಗ್ಗಕ್ಕೆ ಪೋಣಿಸಿ, ನಡುವೆ ಮೈಕ್ರೊಫೋನ್, ರೇಡಾರಿಗೆ ಕಾಣಲೆಂದು ಬೆಳ್ಳಿ ಹಾಳೆಯ ಪ್ರತಿಫಲಕಗಳನ್ನು ಕಟ್ಟಿ ಹಾರಿಸುತ್ತಿದ್ದರು. ಒಂದೊಂದು ಸರದ ಉದ್ದ 600 ಅಡಿಗೂ ಹೆಚ್ಚು. ಗಾಳಿಗೆ ಸಿಕ್ಕಿ ಹರಿದು ಹುಲ್ಲುಗಾವಲಿಗೆ ಬಿದ್ದದ್ದು ಇಂಥದೊಂದು ಸರ.

ಒಂದು ವಿವರ ನನ್ನನ್ನು ಬಹಳ ಕಾಡುತ್ತದೆ. ಆ ಪ್ರತಿಫಲಕಗಳನ್ನು ತಯಾರಿಸಿಕೊಟ್ಟದ್ದು ಆಟಿಕೆ ಮಾಡುವವರು. ಕಡ್ಡಿಗಳನ್ನು ಬಿಗಿಯಲು ಅವರು ಬಳಸಿದ ಅಂಟುಪಟ್ಟಿಯ ಮೇಲೆ ಗುಲಾಬಿ-ನೇರಳೆ ಬಣ್ಣದ ಹೂವಿನಂಥ ಚಿತ್ತಾರಗಳಿದ್ದವು. ಹತ್ತಾರು ವರ್ಷಗಳ ನಂತರ ಜನರ ನೆನಪಿನಲ್ಲಿ ಆ ಚಿತ್ತಾರಗಳೇ ಯಾರಿಗೂ ಓದಲಾಗದ ಅನ್ಯಲೋಕದ ಲಿಪಿಯಾದವು. ಜಲಸಂಗಿಯ ಪೆಟ್ಟಿಗೆಯಲ್ಲೂ ಅಕ್ಷರಗಳಿದ್ದವು. ಊರವರು ಓದಬಲ್ಲ ಅಕ್ಷರಗಳಾಗಿದ್ದರಿಂದ ಅಲ್ಲಿ ಯಾವ ಪುರಾಣವೂ ಹುಟ್ಟಲಿಲ್ಲ.

ಗುಟ್ಟು ಪ್ರಾಣವನ್ನೂ ತೆಗೆದಿದೆ. 1948ರ ಜನವರಿ 7ರಂದು ಕೆಂಟಕಿಯ ಆಕಾಶದಲ್ಲಿ ದೊಡ್ಡದೇನೋ ಬೆಳ್ಳಗೆ ತೇಲುತ್ತಿರುವುದು ಕಂಡಿತು. ಹತ್ತಿರದಲ್ಲಿ ಹಾರುತ್ತಿದ್ದ ಯುದ್ಧ ವಿಮಾನಗಳಿಗೆ ಅದನ್ನು ನೋಡಿ ಬರಲು ಹೇಳಿದರು. ಕ್ಯಾಪ್ಟನ್ ಥಾಮಸ್ ಮಾಂಟೆಲ್‌ಗೆ 25 ವರ್ಷ. ಮಹಾಯುದ್ಧದಲ್ಲಿ ಹಾರಿದ ಅನುಭವಿ. ಆತನ ವಿಮಾನದಲ್ಲಿ ಆಮ್ಲಜನಕದ ವ್ಯವಸ್ಥೆ ಇರಲಿಲ್ಲ. ಜೊತೆಗಿದ್ದವರು 20,000 ಅಡಿ ದಾಟಿದ ಮೇಲೆ ಹಿಂದಿರುಗಿದರು, ಆತ ಮೇಲೇರುತ್ತಲೇ ಹೋದ. ಪ್ರಜ್ಞೆ ತಪ್ಪಿರಬೇಕು; ವಿಮಾನ ನೆಲಕ್ಕಪ್ಪಳಿಸಿತು. ವಾಯುಪಡೆ ಮೊದಲು ಅದು ಶುಕ್ರಗ್ರಹ ಎಂದಿತು. ಹಾಡುಹಗಲಲ್ಲಿ ಮಸುಕು ಚುಕ್ಕೆಯಾಗಿರುವ ಶುಕ್ರನನ್ನು ಅನುಭವಿ ಪೈಲಟ್ ಹಾಗೆ ಅಟ್ಟಿಸಿಕೊಂಡು ಹೋದ ಎಂದರೆ ಯಾರು ನಂಬಿಯಾರು? ಜನ ನಂಬಲಿಲ್ಲ, ಹಾರುವ ತಟ್ಟೆಯೇ ಆತನನ್ನು ಕೊಂದಿತು ಎಂದರು. ಆ ಹೊತ್ತಿನಲ್ಲಿ ಅಮೆರಿಕದ ನೌಕಾಪಡೆ ಸ್ಕೈಹುಕ್ ಎಂಬ ಹೆಸರಿನಲ್ಲಿ ನೂರು ಅಡಿ ಅಗಲದ ಪಾಲಿಥೀನ್ ಬಲೂನುಗಳನ್ನು 30 ಕಿಲೋಮೀಟರ್ ಎತ್ತರಕ್ಕೆ ಗುಟ್ಟಾಗಿ ಹಾರಿಸುತ್ತಿತ್ತು. ಅದೇ ಆಗಿರಬೇಕೆಂದು ತನಿಖೆ ಮಾಡಿದವರು ಒಪ್ಪಿಕೊಂಡದ್ದು ವರ್ಷಗಳ ನಂತರ. ಮಾಂಟೆಲ್ ಎಷ್ಟು ಏರಿದ್ದರೂ ಅದನ್ನು ಮುಟ್ಟುವಂತಿರಲಿಲ್ಲ. ಅದು ಎಷ್ಟು ಎತ್ತರದಲ್ಲಿದೆ ಎಂದು ಆತನಿಗೆ ಯಾರಾದರೂ ಹೇಳಬಹುದಾಗಿತ್ತು. ಹೇಳಬೇಕಾದವರಿಗೇ ಅದು ಗೊತ್ತಿರದಂತೆ ಗುಟ್ಟನ್ನು ಕಾಪಾಡಲಾಗಿತ್ತು.

1955ರಲ್ಲಿ ಯು-2 ಬೇಹುಗಾರಿಕಾ ವಿಮಾನ ಹಾರತೊಡಗಿದ ಮೇಲೂ ಇದೇ ಕಥೆ. ಆ ಕಾಲದ ಪ್ರಯಾಣಿಕ ವಿಮಾನಗಳು 10ರಿಂದ 20 ಸಾವಿರ ಅಡಿಯಲ್ಲಿದ್ದರೆ ಯು-2 ಇದ್ದದ್ದು 60 ಸಾವಿರ ಅಡಿಗೂ ಮೇಲೆ. ಮುಸ್ಸಂಜೆಯಲ್ಲಿ ಕೆಳಗಿನ ವಿಮಾನಕ್ಕೆ ಸೂರ್ಯ ಮುಳುಗಿರುತ್ತಿತ್ತು, ಮೇಲಿನದರ ಬೆಳ್ಳಿ ರೆಕ್ಕೆಗಳ ಮೇಲೆ ಇನ್ನೂ ಬಿಸಿಲಿರುತ್ತಿತ್ತು. ಪೈಲಟ್‌ಗಳಿಗೆ ಅದು ಬೆಂಕಿಯ ಉಂಡೆಯಂತೆ ಕಂಡಿತು. 1950ರ ದಶಕದ ಕೊನೆಯಿಂದ 60ರ ದಶಕದವರೆಗಿನ ಯುಎಫ್‌ಒ ದೂರುಗಳಲ್ಲಿ ಅರ್ಧಕ್ಕೂ ಹೆಚ್ಚಿನವಕ್ಕೆ ಇಂಥ ವಿಮಾನಗಳೇ ಕಾರಣ ಎಂದು ಸಿಐಎಯ ಇತಿಹಾಸಕಾರರು 1997ರಲ್ಲಿ ಬರೆದರು. ಆ ಲೆಕ್ಕ ಹೆಚ್ಚಾಯಿತು ಎನ್ನುವ ಸಂಶೋಧಕರಿದ್ದಾರೆ; ನನಗೂ ಅದು ಹೆಚ್ಚೇ ಅನ್ನಿಸುತ್ತದೆ. ಆದರೆ ಸತ್ಯ ಗೊತ್ತಿದ್ದೂ ಆಗ ಜನರಿಗೆ ಮಂಜಿನ ಹರಳು, ಬಿಸಿಗಾಳಿಯ ಪದರ ಎಂದೆಲ್ಲ ಬೇರೆ ಕಾರಣ ಕೊಟ್ಟು ಕಳಿಸಿದರು ಎಂಬುದನ್ನು ಆ ಬರಹವೇ ಒಪ್ಪಿಕೊಂಡಿದೆ. ಸರಕಾರ ಒಮ್ಮೆ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮುಂದೆ ಅದು ಹೇಳುವ ನಿಜವನ್ನೂ ಜನ ನಂಬುವುದಿಲ್ಲ. ಅನ್ಯಗ್ರಹದವರ ಬಗೆಗಿನ ನಂಬಿಕೆ ಅಮೆರಿಕದಲ್ಲಿ ಅಷ್ಟು ಆಳಕ್ಕೆ ಇಳಿದದ್ದಕ್ಕೆ ಜನರ ಮೂಢತನ ಕಾರಣವೆಂದು ನಾನು ಒಪ್ಪುವುದಿಲ್ಲ. ಅವರಿಗೆ ಸುಳ್ಳು ಹೇಳಲಾಗಿತ್ತು.

ಪ್ಯಾಂಗಾಂಗ್ ಸರೋವರದ ಮೇಲಿನ ದೀಪಗಳು

ಈಗ ನಮ್ಮ ದೇಶದ ಕಥೆಗೆ ಬರೋಣ. ಇದರಲ್ಲಿ ಬೆಂಗಳೂರಿನ ಪಾಲು ದೊಡ್ಡದು.

2012ರಲ್ಲಿ ಲಡಾಖಿನ ಗಡಿಯಲ್ಲಿದ್ದ ನಮ್ಮ ಯೋಧರು ವಿಚಿತ್ರ ಬೆಳಕುಗಳನ್ನು ಕಾಣತೊಡಗಿದರು. ಚೀನಾ ಕಡೆಯ ದಿಗಂತದಿಂದ ಹಳದಿ ಬಣ್ಣದ ಗೋಳವೊಂದು ಎದ್ದು, ಮೂರರಿಂದ ಐದು ಗಂಟೆ ಆಕಾಶದಲ್ಲಿ ನಿಧಾನಕ್ಕೆ ಸಾಗಿ ಮಾಯವಾಗುತ್ತಿತ್ತು. ಆ ವರ್ಷದ ಆಗಸ್ಟ್‌ನಿಂದ 2013ರ ಫೆಬ್ರುವರಿಯವರೆಗೆ ಪ್ಯಾಂಗಾಂಗ್ ಸರೋವರದ ಮೇಲೆ ಇಂಥ ಬೆಳಕನ್ನು ಸೇನೆ 329 ಸಲ ದಾಖಲಿಸಿತು. 155 ಸಲ ಅವು ವಾಸ್ತವ ನಿಯಂತ್ರಣ ರೇಖೆಯನ್ನು ದಾಟಿ ನಮ್ಮ ಕಡೆಗೆ ಬಂದವು ಎಂದೂ ಬರೆದುಕೊಂಡಿತು. ಚೀನಾದ ಡ್ರೋನ್ ಇರಬಹುದೇ, ಬೇಹುಗಾರಿಕೆಯ ಬಲೂನು ಇರಬಹುದೇ ಎಂಬ ಅನುಮಾನ ಸಹಜವಾಗಿಯೇ ಬಂತು. ಆ ಜಾಗದಲ್ಲಿ ರಾತ್ರಿ ಕಾವಲು ನಿಂತವನಿಗೆ ಬರಬೇಕಾದ ಅನುಮಾನವೇ ಅದು.

ಸೇನೆ ಕೊನೆಗೆ ಕೇಳಿದ್ದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯನ್ನು. ಆ ಸಂಸ್ಥೆಗೆ ಲಡಾಖ್ ಹೊಸದಲ್ಲ. ಅಲ್ಲಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದ ಬೆಟ್ಟದ ಮೇಲೆ ಅದರ ವೀಕ್ಷಣಾಲಯವಿದೆ. ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ವಿಜ್ಞಾನಿಗಳ ಮುಂದಿದ್ದ ಪ್ರಶ್ನೆ ಒಂದೇ: ಈ ವಸ್ತುಗಳು ನೆಲದವೋ, ಆಕಾಶದವೋ?

ಇದನ್ನು ಕಂಡುಹಿಡಿಯುವ ದಾರಿ ಸರಳ, ತಾಳ್ಮೆ ಮಾತ್ರ ಬೇಕು. ಭೂಮಿ ಸೂರ್ಯನನ್ನು ಸುತ್ತುವುದರಿಂದ ಪ್ರತಿ ನಕ್ಷತ್ರವೂ ನಿನ್ನೆಗಿಂತ ಇಂದು ಸುಮಾರು ನಾಲ್ಕು ನಿಮಿಷ ಮುಂಚೆ ಹುಟ್ಟುತ್ತದೆ. ಹದಿನೈದು ದಿನಕ್ಕೆ ಒಂದು ಗಂಟೆ. ಗ್ರಹಗಳೂ ಹೆಚ್ಚು ಕಡಿಮೆ ಈ ಗಡಿಯಾರಕ್ಕೇ ಬದ್ಧ, ತಮ್ಮ ಸ್ವಂತ ನಡಿಗೆಯಿಂದ ಸ್ವಲ್ಪ ಹಿಂದೆ ಮುಂದೆ ಆಗುತ್ತವೆ. ಡ್ರೋನ್ ಹಾರಿಸುವ ಯಾವ ಮನುಷ್ಯನೂ ದಿನಕ್ಕೆ ನಾಲ್ಕು ನಿಮಿಷದ ಲೆಕ್ಕದಲ್ಲಿ ತಿಂಗಳುಗಟ್ಟಲೆ ಹಾರಿಸಲಾರ. ಬೆಳಕು ಹುಟ್ಟಿದ ಹೊತ್ತು, ದಿಕ್ಕು, ಸುತ್ತಲಿನ ನಕ್ಷತ್ರಗಳಿಂದ ಅದಕ್ಕಿರುವ ದೂರ, ಇವು ಕೈಗೆ ಸಿಕ್ಕರೆ ಅದು ಯಾರೆಂದು ಪಂಚಾಂಗವೇ ಹೇಳಿಬಿಡುತ್ತದೆ. ಹೇಳಿತು ಕೂಡ. ಒಂದು ಗುರು, ಇನ್ನೊಂದು ಶುಕ್ರ.

ಆ ದಿನಗಳ ಆಕಾಶವನ್ನು ಲೆಕ್ಕ ಹಾಕಿ ನೋಡಿದರೆ ಎಲ್ಲ ಕೂಡಿಬರುತ್ತದೆ. 2012ರ ಆಗಸ್ಟ್ ನಡುವಿನಲ್ಲಿ ಶುಕ್ರ ಮುಂಜಾನೆಯ ಆಕಾಶದಲ್ಲಿ ಸೂರ್ಯನಿಂದ ಅತಿ ದೂರದಲ್ಲಿದ್ದ. ಡಿಸೆಂಬರ್ 3ರಂದು ಗುರು ಸೂರ್ಯನಿಗೆ ನೇರ ಎದುರು ಬಂದ. ಸಂಜೆ ಪೂರ್ವದಲ್ಲಿ ಹುಟ್ಟಿ ರಾತ್ರಿಯಿಡೀ ಪ್ರಕಾಶಮಾನವಾಗಿ ಹೊಳೆಯುವ ಕಾಲ ಅದು. ಆ ಕಾವಲು ಠಾಣೆಗಳಿಂದ ನೋಡಿದರೆ ಚೀನಾ ಇರುವುದು ಪೂರ್ವಕ್ಕೆ. ಗ್ರಹಗಳು ಹುಟ್ಟುವುದೂ ಪೂರ್ವಕ್ಕೆ. ಅಲ್ಲಿ ನಿಂತವರ ಕಣ್ಣಿಗೆ ಪ್ರತಿ ಗ್ರಹವೂ ಗಡಿಯಾಚೆ ಎದ್ದು ನಮ್ಮ ಕಡೆಗೆ ಬರಲೇಬೇಕು. ಮೇಲಾಗಿ ಪ್ಯಾಂಗಾಂಗ್ ಇರುವುದು 4,200 ಮೀಟರಿಗೂ ಎತ್ತರದಲ್ಲಿ. ಧೂಳಿಲ್ಲ, ತೇವವಿಲ್ಲ, ಬೀದಿದೀಪವಿಲ್ಲ. ಬಯಲುಸೀಮೆಯ ಊರುಗಳಿಂದ ಹೋದ ಹುಡುಗರು ಅಷ್ಟು ಪ್ರಖರವಾದ ಗುರುವನ್ನು ಮೊದಲು ಎಂದೂ ನೋಡಿರಲಿಕ್ಕಿಲ್ಲ.

ಈ ಸುದ್ದಿ 2013ರಲ್ಲಿ ಹೊರಬಂದಾಗ ಅನೇಕರು ನಕ್ಕರು. ಸೇನೆ ಆರು ತಿಂಗಳು ಗ್ರಹಗಳನ್ನು ಕಾದಿತ್ತು ಎಂಬಂತೆ ಶೀರ್ಷಿಕೆಗಳು ಬಂದವು. ನನಗೆ ಅದು ಅನ್ಯಾಯ ಎನ್ನಿಸಿತು, ಇಂದಿಗೂ ಅನ್ನಿಸುತ್ತದೆ. ಮೈ ಕೊರೆಯುವ ಚಳಿಯಲ್ಲಿ 329 ಸಲ ಹೊತ್ತು ಹೊತ್ತಿಗೆ ಬರೆದಿಟ್ಟವರು ಆ ಯೋಧರು. ದಾಖಲೆ ಇಲ್ಲದಿದ್ದರೆ ವಿಜ್ಞಾನಿಗಳ ಬಳಿ ಕೇಳಲು ಏನೂ ಇರುತ್ತಿರಲಿಲ್ಲ. ತಮಗೆ ಗೊತ್ತಾಗದ್ದನ್ನು ಗೊತ್ತಿಲ್ಲ ಎಂದು ಬರೆದು, ಬಲ್ಲವರನ್ನು ಕೇಳಿ, ಉತ್ತರವನ್ನು ಒಪ್ಪಿಕೊಂಡರು. ಎರಡು ದೇಶಗಳ ಸೈನ್ಯ ಮುಖಾಮುಖಿ ನಿಂತ ಜಾಗದಲ್ಲಿ ಒಂದು ಗ್ರಹದ ಕಡೆಗೆ ಬಂದೂಕು ತಿರುಗದೇ ಹೋದದ್ದು ಸಣ್ಣ ಸಂಗತಿಯಲ್ಲ.

ಶುಕ್ರನನ್ನು ಗುರುತಿಸದಿರುವುದು ಹೊಸ ಕಾಲದ ಕೊರತೆ. ನಮ್ಮ ಅಜ್ಜಿಗೆ ಶಾಲೆಯ ವಿಜ್ಞಾನ ಗೊತ್ತಿರಲಿಲ್ಲ. ಬೆಳ್ಳಿ ಮೂಡುವ ಹೊತ್ತಿಗೆ ಕೊಟ್ಟಿಗೆಗೆ ಹೋಗಬೇಕು ಎಂಬುದು ಗೊತ್ತಿತ್ತು. ಕೆಲವು ತಿಂಗಳು ಬೆಳ್ಳಿ ಮುಂಜಾನೆ ಬಿಟ್ಟು ಮುಸ್ಸಂಜೆಗೆ ಹೋಗುತ್ತದೆ ಎಂಬುದೂ ಗೊತ್ತಿತ್ತು. ದಿನವೂ ಕಾಣುವ ಬೆಳಕಿಗೆ ಯಾರೂ ಹೆದರುವುದಿಲ್ಲ. ಈಗ ಬೀದಿದೀಪ, ಹೊಗೆ, ಎತ್ತರದ ಕಟ್ಟಡಗಳ ನಡುವೆ ನಮಗೆ ಆಕಾಶದ ರೂಢಿ ತಪ್ಪಿಹೋಗಿದೆ. 1994ರ ಜನವರಿಯಲ್ಲಿ ಲಾಸ್ ಏಂಜಲಿಸ್‌ನಲ್ಲಿ ನಸುಕಿಗೆ ಭೂಕಂಪವಾಗಿ ನಗರದ ವಿದ್ಯುತ್ ಹೋಯಿತು. ಹೊರಗೆ ಬಂದ ಜನ ಆಕಾಶ ನೋಡಿ ದಿಗಿಲಾಗಿ ಗ್ರಿಫಿತ್ ವೀಕ್ಷಣಾಲಯಕ್ಕೆ ಫೋನ್ ಮಾಡಿದರು. ಅವರು ಕಂಡದ್ದು ನಕ್ಷತ್ರಗಳನ್ನು.

ಕಣ್ಣೂ ಮೋಸ ಮಾಡುತ್ತದೆ. ಕಡುಗತ್ತಲಲ್ಲಿ ಒಂಟಿ ದೀಪವೊಂದನ್ನು ದಿಟ್ಟಿಸಿ ನೋಡಿದರೆ ಸ್ವಲ್ಪ ಹೊತ್ತಿಗೆ ಅದು ಅತ್ತಿತ್ತ ಅಲುಗಾಡಿದಂತೆ ಕಾಣುತ್ತದೆ. ಅಲುಗುವುದು ನಮ್ಮ ಕಣ್ಣಿನ ಗುಡ್ಡೆ. ದಿಗಂತದ ಬಳಿಯ ಗ್ರಹ, ನಕ್ಷತ್ರಗಳ ಬೆಳಕು ದಟ್ಟ ಗಾಳಿಯ ಪದರಗಳನ್ನು ಹಾದು ಬರುವಾಗ ಕೆಂಪು ಹಸಿರಾಗಿ ಮಿನುಗುತ್ತದೆ. ಬಸ್ಸಿನ ಕಿಟಕಿಯಲ್ಲಿ ಕುಳಿತ ಮಗುವಿಗೆ ಚಂದ್ರ ಜೊತೆಯಲ್ಲೇ ಓಡಿಬರುತ್ತಾನೆ. ಚಂದ್ರನೆಂದು ಗೊತ್ತಿರುವುದರಿಂದ ನಗುತ್ತೇವೆ. ಅದೇ ಜಾಗದಲ್ಲಿ ಶುಕ್ರನಿದ್ದು, ಅದು ಶುಕ್ರನೆಂದು ಗೊತ್ತಿಲ್ಲದಿದ್ದರೆ, ಹತ್ತು ಮೈಲಿ ನಮ್ಮನ್ನು ಹಿಂಬಾಲಿಸಿತು ಎನ್ನುತ್ತೇವೆ.

ಈಚೆಗೆ ನಾವೇ ಆಕಾಶಕ್ಕೆ ಕಳಿಸಿದವು ಹೆಚ್ಚಾಗಿವೆ. 2021ರ ಡಿಸೆಂಬರ್‌ನಲ್ಲಿ ನಮ್ಮ ಕರಾವಳಿಯವರು ಸಂಜೆ ಹೊತ್ತು ಸಾಲುದೀಪದಂತೆ ಸಾಗಿದ ಬೆಳಕುಗಳನ್ನು ಕಂಡು ಬೆರಗಾದರು. ಅವು ಸ್ಟಾರ್‌ಲಿಂಕ್ ಉಪಗ್ರಹಗಳು. 2019ರ ಮೇ ತಿಂಗಳಲ್ಲಿ ಮೊದಲ ಸಲ ಒಂದೇ ರಾಕೆಟ್‌ನಲ್ಲಿ 60 ಹೋದವು. ಅಲ್ಲಿಂದ ಕಂತು ಕಂತಾಗಿ ಹೋಗುತ್ತಲೇ ಇವೆ. ಉಡಾವಣೆಯಾದ ಕೆಲವು ದಿನ ಅವು ಒಂದರ ಹಿಂದೆ ಒಂದು ಹತ್ತಿರ ಹತ್ತಿರ ಸಾಗುತ್ತವೆ, ಆಮೇಲೆ ಚದುರುತ್ತವೆ. ನಡು ಆಕಾಶದಲ್ಲಿ ಒಂದೊಂದಾಗಿ ಒಂದೇ ಜಾಗದಲ್ಲಿ ಆರಿಹೋದವು ಎಂದು ನೋಡಿದವರು ಹೇಳುತ್ತಾರೆ. ಆ ಜಾಗ ಭೂಮಿಯ ನೆರಳಿನ ಅಂಚು. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರ, ಮಧ್ಯಪ್ರದೇಶಗಳ ಮೇಲೆ ಬೆಂಕಿಯ ಗೆರೆಗಳು ಹಾದುಹೋದವು. ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನ ಹಳ್ಳಿಯಲ್ಲಿ ಸುಮಾರು ಮೂರು ಮೀಟರ್ ಅಗಲದ ಲೋಹದ ಬಳೆ ಬಿತ್ತು. ಅದು 2021ರಲ್ಲಿ ಹಾರಿದ್ದ ಚೀನಾದ ಲಾಂಗ್ ಮಾರ್ಚ್ ರಾಕೆಟ್ಟಿನ ಅವಶೇಷ ಎಂದು ಪರಿಣತರು ಗುರುತಿಸಿದರು. ಯಾರ ತಲೆಯ ಮೇಲೂ ಬೀಳಲಿಲ್ಲ ಎಂಬುದು ಅದೃಷ್ಟ. 2022ರ ಡಿಸೆಂಬರ್ 15ರಂದು ಒಡಿಶಾ ಕರಾವಳಿಯಿಂದ ಅಗ್ನಿ-5 ಕ್ಷಿಪಣಿ ಸಂಜೆ ಹಾರಿದಾಗ ಕೋಲ್ಕತ್ತದವರೆಗೆ ಜನ ಬೆಳಕಿನ ಕುಂಚವೊಂದನ್ನು ಕಂಡರು: ಕೆಳಗೆ ಕತ್ತಲು, ಮೇಲಿನ ಹೊಗೆಗೆ ಬಿಸಿಲು.

ಕಾಣದೆ ಕೇಳಿಸಿದ್ದೂ ಇದೆ. 2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನ ಪೂರ್ವ ಭಾಗದಲ್ಲಿ ಕಿಟಕಿಗಳು ನಡುಗುವಂಥ ಸದ್ದಾಯಿತು. ಲಾಕ್‌ಡೌನ್‌ನ ನಿಶ್ಶಬ್ದದಲ್ಲಿ ಅದು ಇನ್ನಷ್ಟು ದೊಡ್ಡದಾಗಿ ಕೇಳಿಸಿತು. ಭೂಕಂಪ ಎಂದರು, ಅನ್ಯಗ್ರಹದವರು ಎಂದೂ ಮೊಬೈಲಿನಲ್ಲಿ ಹರಿದಾಡಿತು. ಸಂಜೆಯ ಹೊತ್ತಿಗೆ ರಕ್ಷಣಾ ಇಲಾಖೆ ವಿವರ ಕೊಟ್ಟಿತು: ವಾಯುಪಡೆಯ ಪರೀಕ್ಷಾ ವಿಮಾನವೊಂದು ಶಬ್ದಾತೀತ ವೇಗವನ್ನು ಶಬ್ದದ ವೇಗಕ್ಕಿಂತ ಕೆಳಗೆ ಇಳಿಸುವಾಗ, 36ರಿಂದ 40 ಸಾವಿರ ಅಡಿ ಎತ್ತರದಲ್ಲಿ ಹುಟ್ಟಿದ ಸಿಡಿಸದ್ದು ಅದು; 65ರಿಂದ 80 ಕಿಲೋಮೀಟರ್ ದೂರಕ್ಕೂ ಕೇಳಿಸುತ್ತದೆ. ಅಷ್ಟು ಹೇಳಿದ್ದೇ ತಡ, ಊಹೆಗಳೆಲ್ಲ ನಿಂತವು. ಇನ್ನೂ ಎರಡು ಗಂಟೆ ಬೇಗ ಹೇಳಬಹುದಿತ್ತು.

ಉಳಿಯುವ ಪಾಲು

ಎಲ್ಲಕ್ಕೂ ಉತ್ತರ ಸಿಕ್ಕಿದೆಯೇ ಎಂದರೆ ಇಲ್ಲ. ಇಂಥ ದೂರುಗಳನ್ನು ತನಿಖೆ ಮಾಡುತ್ತಿದ್ದ ಅಮೆರಿಕದ ವಾಯುಪಡೆಯ ಪ್ರಾಜೆಕ್ಟ್ ಬ್ಲೂಬುಕ್ 1969ರಲ್ಲಿ ಮುಚ್ಚಿದಾಗ ಅದರ ಲೆಕ್ಕದಲ್ಲಿ 12,618 ಪ್ರಕರಣಗಳಿದ್ದವು. 701ಕ್ಕೆ ಗುರುತು ಸಿಕ್ಕಿರಲಿಲ್ಲ. 2023ರ ನವೆಂಬರ್ 19ರಂದು ಇಂಫಾಲ್ ವಿಮಾನ ನಿಲ್ದಾಣದ ಮೇಲೆ ಏನೋ ಹಾರುತ್ತಿದೆ ಎಂದು ಮೂರು ಗಂಟೆಗೂ ಹೆಚ್ಚು ಹೊತ್ತು ವಿಮಾನಗಳನ್ನು ತಡೆದರು. ವಾಯುಪಡೆ ಹುಡುಕಿತು, ಆ ಸಣ್ಣ ವಸ್ತು ಮತ್ತೆ ಕಾಣಲಿಲ್ಲ ಎಂದಿತು.

ಈ ಉಳಿದ ಪಾಲನ್ನು ಹಿಡಿದು ಕೆಲವರು ಇವಾದರೂ ಹೊರಗಿನವೇ ತಾನೆ ಎಂದು ಕೇಳುತ್ತಾರೆ. ಗುರುತು ಸಿಗಲಿಲ್ಲ ಎಂಬುದು ವಸ್ತುವಿನ ಗುಣವಲ್ಲ, ನಮ್ಮ ಬಳಿಯ ಮಾಹಿತಿಯ ಅಳತೆ. ಬಸ್ ನಿಲ್ದಾಣದಲ್ಲಿ ಗುರುತು ಸಿಗದ ಹೆಣವೊಂದು ಸಿಕ್ಕರೆ ಆತ ಬೇರೆ ಲೋಕದವನೆಂದು ಪೊಲೀಸರು ಬರೆಯುವುದಿಲ್ಲ. ಅಮೆರಿಕದ ನೌಕಾಪಡೆಯ ವಿಮಾನದಿಂದ ತೆಗೆದ ಗೋಫಾಸ್ಟ್ ಎಂಬ ವಿಡಿಯೊದಲ್ಲಿ ಸಮುದ್ರದ ಮೇಲೆ ಒಂದು ಚುಕ್ಕೆ ಮಿಂಚಿನಂತೆ ಓಡುತ್ತದೆ. ಕೋಟ್ಯಂತರ ಜನ ನೋಡಿ ಬೆರಗಾದರು. ನಾಸಾದ ಅಧ್ಯಯನ ತಂಡ 2023ರಲ್ಲಿ ಆ ವಿಡಿಯೊದ ಅಂಚಿನಲ್ಲಿದ್ದ ಅಂಕಿಗಳನ್ನೇ ಹಿಡಿದು ತ್ರಿಕೋನಮಿತಿ ಮಾಡಿತು. ಚುಕ್ಕೆ ಇದ್ದದ್ದು ನೀರಿನ ಹತ್ತಿರವಲ್ಲ, 13 ಸಾವಿರ ಅಡಿ ಮೇಲೆ. ಅದರ ವೇಗ ಗಂಟೆಗೆ 65 ಕಿಲೋಮೀಟರಿನಷ್ಟು, ಅಂದರೆ ಆ ಎತ್ತರದ ಗಾಳಿಗೆ ತೇಲುವ ವಸ್ತುವಿನ ವೇಗ. ಓಡುತ್ತಿದ್ದದ್ದು ಕ್ಯಾಮೆರಾ ಹೊತ್ತ ವಿಮಾನ. ರೈಲಿನಿಂದ ನೋಡುವಾಗ ಹತ್ತಿರದ ಕಂಬ ದೂರದ ಬೆಟ್ಟದ ಮುಂದೆ ಹಿಂದಕ್ಕೆ ಓಡುವಂತೆ. ಅಂಕಿಗಳು ವಿಡಿಯೊದಲ್ಲೇ ಇದ್ದುದರಿಂದ ಆ ಉತ್ತರ ಸಿಕ್ಕಿತು. ಇರದಿದ್ದರೆ ಅದೂ ಗುರುತು ಸಿಗದವುಗಳ ರಾಶಿಗೆ ಸೇರುತ್ತಿತ್ತು.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ಆಕಾಶದಲ್ಲಿ ಅರ್ಥವಾಗದ್ದು ಕಂಡರೆ ಮೊಬೈಲಿನಲ್ಲಿ ಹಿಗ್ಗಿಸಿ ವಿಡಿಯೊ ತೆಗೆಯುವ ಮೊದಲು ಗಡಿಯಾರ ನೋಡಿ. ದಿಕ್ಕು ಬರೆದುಕೊಳ್ಳಿ. ಕೈಯನ್ನು ಮುಂದಕ್ಕೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಎಷ್ಟು ಮುಷ್ಟಿ ಮೇಲಿದೆ ಎಣಿಸಿ. ತೆಂಗಿನಮರವೋ ವಿದ್ಯುತ್ ಕಂಬವೋ, ಅಲುಗದ ಒಂದನ್ನು ಹಿಡಿದು ಅದು ನಿಜವಾಗಿ ಚಲಿಸುತ್ತಿದೆಯೇ ನೋಡಿ. ಎಷ್ಟು ನಿಮಿಷವಿತ್ತು, ಮಿನುಗಿತೇ, ಸದ್ದಿತ್ತೇ ಎಂಬುದನ್ನೂ ಬರೆಯಿರಿ. ಮರುದಿನ ಅದೇ ಹೊತ್ತಿಗೆ ಅದೇ ಜಾಗದಲ್ಲಿ ನಿಂತು ಮತ್ತೆ ನೋಡಿ. ಇಷ್ಟು ಬರೆದು ತಂದರೆ ಉತ್ತರ ಹುಡುಕಿಕೊಡಬಲ್ಲವರು ಬೆಂಗಳೂರಿನ ತಾರಾಲಯದಲ್ಲೂ ನಮ್ಮ ಹವ್ಯಾಸಿ ಖಗೋಳ ವೀಕ್ಷಕರ ಬಳಗಗಳಲ್ಲೂ ಇದ್ದಾರೆ.

ಬೀದರ್ ಸೀಮೆಯವರಿಗೆ ಇನ್ನೊಂದು ಮಾತು. ಹೈದರಾಬಾದಿನ ಬಲೂನುಗಳು ಇನ್ನು ಮುಂದೆಯೂ ಹಾರುತ್ತವೆ, ಬಣ್ಣದ ಪ್ಯಾರಾಚೂಟಿಗೆ ಕಟ್ಟಿದ ಪೆಟ್ಟಿಗೆಗಳು ನಿಮ್ಮ ಹೊಲಗಳಿಗೆ ಇಳಿಯಬಹುದು. ಅವನ್ನು ಬಿಚ್ಚಬೇಡಿ, ಒಳಗಿನ ಕೆಲವು ಉಪಕರಣಗಳಲ್ಲಿ ಹೆಚ್ಚಿನ ವೋಲ್ಟೇಜಿನ ವಿದ್ಯುತ್ ಇರುತ್ತದೆ, ಬಿಚ್ಚಿದರೆ ವರ್ಷಗಳ ಸಂಶೋಧನೆಯೂ ಹಾಳಾಗುತ್ತದೆ. ಮಕ್ಕಳನ್ನು ದೂರ ನಿಲ್ಲಿಸಿ, ಮೇಲಿರುವ ಪತ್ರ ಓದಿ, ಹತ್ತಿರದ ಪೊಲೀಸ್ ಠಾಣೆಗೋ ಅಂಚೆ ಕಚೇರಿಗೋ ತಿಳಿಸಿ.